ಚರ್ಚಿನ ಕಲಾ ಸಂಜೆ: ಯಾವುದು ಒಳಗೆ, ಯಾವುದು ಅಂಗಳದಲ್ಲಿ?

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ಒಂದು ಕ್ಯಾಥೊಲಿಕ್ ಚರ್ಚಿನ ಪಾಲನಾ ಮಂಡಳಿಯ ಕಾರ್ಯದರ್ಶಿ. ಕಳೆದ ಡಿಸೆಂಬರಿನಲ್ಲಿ ಕ್ರಿಸ್ಮಸ್ ಸೌಹಾರ್ದ ಕೂಟದ ಜೊತೆಗೆ ಊರವರೆಲ್ಲ ಸೇರಿ ಒಂದು ಕಲಾ ಸಂಜೆ ಮಾಡಿದೆವು. ನಮ್ಮ ಗಾಯನ ಮಂಡಳಿಯ ಹಾಡು, ಊರಿನ ಕಲಾವಿದರೊಬ್ಬರ ಕೊಳಲು, ಮಕ್ಕಳ ಕಿರುನಾಟಕ, ಹವ್ಯಾಸಿ ತಂಡದ ಯಕ್ಷಗಾನ ಎಲ್ಲವನ್ನೂ ಚರ್ಚಿನೊಳಗೇ ಇಟ್ಟುಕೊಂಡಿದ್ದೆವು. ಚರ್ಚ್ ಹಳೆಯದು. ಸುಮಾರು 20 ಮೀಟರ್ ಉದ್ದ, 10 ಮೀಟರ್ ಅಗಲ, 7 ಮೀಟರ್ ಎತ್ತರ. ಮುರಕಲ್ಲಿನ ಗೋಡೆಗೆ ಗಾರೆ, ಮರದ ಮುಚ್ಚಿಗೆ, ನೆಲಕ್ಕೆ ಟೈಲ್ಸ್. ಬಂದವರು 60 ಮಂದಿ. ಹಾಡು ಇಂಪಾಗಿ ಕೇಳಿತು, ನಾಟಕದ ಮಾತು ಒಂದೂ ಅರ್ಥವಾಗಲಿಲ್ಲ. ಸೌಂಡ್ಸಿನವರು ವಾಲ್ಯೂಮ್ ಏರಿಸಿದಂತೆಲ್ಲ ಮೈಕು ಕೂಗತೊಡಗಿತು. ಚೆಂಡೆ ಶುರುವಾದ ಮೇಲೆ ಹಲವರು ಹೊರಗೆ ಹೋಗಿ ನಿಂತರು. ಪಕ್ಕದ ನರ್ಸಿಂಗ್ ಹೋಮಿನಿಂದ ದೂರೂ ಬಂತು. ಈಗ ಒಬ್ಬರು ಪಿಒಪಿ ಸೀಲಿಂಗ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ ಎನ್ನುತ್ತಾರೆ, ಮತ್ತೊಬ್ಬರು ಎರಡು ಲಕ್ಷದ ಸೌಂಡ್ ಸಿಸ್ಟಂ ಕೊಳ್ಳೋಣ ಎನ್ನುತ್ತಾರೆ. ಹಾಡುಗಳಿಗೆ ರಾಯಲ್ಟಿ ಕಟ್ಟಬೇಕೆಂದು ಒಬ್ಬರು, ಚರ್ಚಿಗೆ ಅದೆಲ್ಲ ಇಲ್ಲ ಎಂದು ಇನ್ನೊಬ್ಬರು. ಯಕ್ಷಗಾನ ಚರ್ಚಿನಲ್ಲಿ ಬೇಕೇ ಎಂಬ ಮಾತೂ ಎದ್ದಿದೆ. ಈ ವರ್ಷ ಕಾರ್ಯಕ್ರಮ ಬಿಡಲು ಮನಸ್ಸಿಲ್ಲ. ಏನು ಮಾಡಬಹುದು?

ಉತ್ತರ:

ಕಾರ್ಯಕ್ರಮ ಬಿಡಬೇಡಿ. ನೀವು ಬರೆದ ತೊಂದರೆಗಳು ಹಲವು, ಬೇರು ಮಾತ್ರ ಒಂದೇ. ಹಾಡು, ಮಾತು, ಚೆಂಡೆ ಮೂರಕ್ಕೂ ಬೇರೆ ಬೇರೆ ಥರದ ಜಾಗ ಬೇಕು. ನೀವು ಮೂರನ್ನೂ ಒಂದೇ ಸೂರಿನಡಿ ಕೂರಿಸಿದಿರಿ, ಅದೂ ಹಾಡಿಗೆ ಹೇಳಿ ಮಾಡಿಸಿದ ಸೂರಿನಡಿ. ಯಾವ ಕಲೆ ಎಲ್ಲಿ ಎಂಬುದನ್ನು ಮೊದಲು ತೀರ್ಮಾನಿಸಿ, ಸೌಂಡ್ ಸಿಸ್ಟಂ ಮಾತು ಆಮೇಲೆ ಬರಲಿ. ಆ ಕ್ರಮದಲ್ಲಿ ಹೋದರೆ ಎರಡು ಲಕ್ಷದ ಖರ್ಚಿನ ಪ್ರಶ್ನೆಯೇ ಹೆಚ್ಚುಕಡಿಮೆ ಬಿದ್ದುಹೋಗುತ್ತದೆ.

ಮಾತು ಯಾಕೆ ಮುಳುಗಿತು

ಸದ್ದು ನಿಂತ ಮೇಲೂ ಅದರ ಗುಂಗು ಕಟ್ಟಡದೊಳಗೆ ಸ್ವಲ್ಪ ಹೊತ್ತು ಸುಳಿದಾಡುತ್ತದೆ. ಅದು 60 ಡೆಸಿಬೆಲ್‌ನಷ್ಟು ಇಳಿಯಲು ಹಿಡಿಯುವ ಸಮಯಕ್ಕೆ ಅನುರಣನ ಕಾಲ ಎನ್ನುತ್ತೇವೆ. ಲೆಕ್ಕ ಸರಳ: ಘನ ಮೀಟರಿನಲ್ಲಿ ಕಟ್ಟಡದ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಳಗಿರುವ ಒಟ್ಟು 'ಹೀರಿಕೆ'ಯಿಂದ (ಪ್ರತಿ ಮೈಯ ವಿಸ್ತೀರ್ಣವನ್ನು ಅದು ಹೀರುವ ಸದ್ದಿನ ಪಾಲಿನಿಂದ ಗುಣಿಸಿ ಕೂಡಿಸಿದ್ದು) ಭಾಗಿಸುವುದು. ಈ ಸೂತ್ರ ಕೊಟ್ಟವರು ಹಾರ್ವರ್ಡಿನ ವ್ಯಾಲೇಸ್ ಸಬೀನ್. 1890ರ ದಶಕದಲ್ಲಿ, ಮಾತು ಕೇಳಿಸದ ಒಂದು ಉಪನ್ಯಾಸ ಕೊಠಡಿಗೆ ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಮೆತ್ತೆಗಳನ್ನು ತಂದು ಹಾಕಿ, ಆರ್ಗನ್ ಕೊಳವೆ ಊದಿಸಿ, ಗಡಿಯಾರ ಹಿಡಿದು ಅಳೆದು ಕಂಡುಕೊಂಡದ್ದು. ಮೆತ್ತೆ ಎಷ್ಟು ಹೆಚ್ಚಿತೋ ಗುಂಗು ಅಷ್ಟು ಕಡಿಮೆಯಾಯಿತು.

ನಿಮ್ಮ ಅಳತೆಗೆ ಇದನ್ನು ಹಾಕಿ ನೋಡೋಣ. ಘನ ಅಳತೆ 1,400 ಘನ ಮೀಟರ್. ಗಾರೆಯ ಗೋಡೆ ಬಿದ್ದ ಸದ್ದಿನ ಶೇಕಡಾ 3ರಷ್ಟನ್ನು ಹೀರಿದರೆ ಹೆಚ್ಚು, ಟೈಲ್ಸ್ ಅದಕ್ಕಿಂತ ಕಡಿಮೆ, ಮರದ ಮುಚ್ಚಿಗೆ ಶೇಕಡಾ 10ರ ಹತ್ತಿರ. ಬೆಂಚುಗಳನ್ನೂ ಸೇರಿಸಿದರೆ ಖಾಲಿ ಚರ್ಚಿನ ಒಟ್ಟು ಹೀರಿಕೆ ಸುಮಾರು 52 ಚದರ ಮೀಟರ್. ಅನುರಣನ ಕಾಲ 4.3 ಸೆಕೆಂಡಿನ ಆಸುಪಾಸು. ಕೂತ ಒಬ್ಬ ಮನುಷ್ಯ 0.45 ಚದರ ಮೀಟರಿನಷ್ಟು ಹೀರುತ್ತಾನೆ. ನಿಮ್ಮ 60 ಮಂದಿ ಕೂತಾಗ ಅದು 2.9 ಸೆಕೆಂಡಿಗೆ ಇಳಿದಿರಬೇಕು. 200 ಮಂದಿ ಕೂತಿದ್ದರೆ 1.6 ಸೆಕೆಂಡ್.

ಗಾಯನ ಮಂಡಳಿಗೆ 2 ಸೆಕೆಂಡಿನ ಆಚೀಚೆ ಇದ್ದರೆ ಸ್ವರಗಳು ಒಂದರೊಳಗೊಂದು ಬೆಸೆದು ತುಂಬಿ ಬರುತ್ತವೆ. ಅದಕ್ಕೇ ನಿಮ್ಮ ಹಾಡು ಇಂಪಾಗಿ ಕೇಳಿತು. ಮಾತಿಗೆ 1 ಸೆಕೆಂಡ್ ಅಥವಾ ಅದಕ್ಕೂ ಕಡಿಮೆ ಬೇಕು. ಮಕ್ಕಳು ನಾಟಕದಲ್ಲಿ ಸೆಕೆಂಡಿಗೆ ನಾಲ್ಕೈದು ಅಕ್ಷರ ಉದುರಿಸುತ್ತಾರೆ. ಗುಂಗು ಮೂರು ಸೆಕೆಂಡ್ ನಿಂತರೆ ಹೊಸ ಅಕ್ಷರ ಕಿವಿಗೆ ಬೀಳುವ ಹೊತ್ತಿಗೆ ಹಿಂದಿನ ಹತ್ತು ಹನ್ನೆರಡು ಅಕ್ಷರಗಳು ಇನ್ನೂ ಗಾಳಿಯಲ್ಲೇ ಇರುತ್ತವೆ. ಮಾತಿನ ಶಕ್ತಿ ಇರುವುದು ಸ್ವರಾಕ್ಷರಗಳಲ್ಲಿ, ಅರ್ಥ ಇರುವುದು ವ್ಯಂಜನಗಳಲ್ಲಿ. ಹಿಂದಿನ ಅಕ್ಷರದ 'ಆ' ಮುಂದಿನ ಅಕ್ಷರದ 'ತ್', 'ಕ್', 'ಸ್'ಗಳನ್ನು ಮುಚ್ಚಿಬಿಡುತ್ತದೆ. 'ತಾಯಿ' ಎಂದದ್ದೋ 'ಕಾಯಿ' ಎಂದದ್ದೋ ಗೊತ್ತಾಗುವುದಿಲ್ಲ.

ವಾಲ್ಯೂಮ್ ಏರಿಸಿದರೆ ಯಾಕೆ ಸರಿಹೋಗಲಿಲ್ಲ ಎಂಬುದೂ ಇಲ್ಲೇ ಇದೆ. ಏರಿಸಿದಾಗ ಮಾತಿನ ಜೊತೆ ಗುಂಗೂ ಅಷ್ಟೇ ಏರುತ್ತದೆ, ಎರಡರ ಅಂತರ ಹಾಗೇ ಉಳಿಯುತ್ತದೆ. ನಿಮ್ಮ ಚರ್ಚಿನಲ್ಲಿ 60 ಜನ ಇದ್ದಾಗ, ಮೈಕಿಲ್ಲದೆ ಮಾತಾಡುವವರಿಂದ ಒಂದೆರಡು ಮೀಟರ್ ದಾಟಿದರೆ ನೇರ ದನಿಗಿಂತ ಗುಂಗೇ ಹೆಚ್ಚು. ಒಳ್ಳೆಯ ಕಾಲಂ ಸ್ಪೀಕರಿಗೆ (ಸಣ್ಣ ಸ್ಪೀಕರುಗಳನ್ನು ಒಂದರ ಮೇಲೊಂದು ಜೋಡಿಸಿದ ಕಿರಿದಾದ ಪೆಟ್ಟಿಗೆ) ಈ ದೂರ ಸುಮಾರು 4 ಮೀಟರ್. ಮುಂದೆ ಎರಡು ದೊಡ್ಡ ಸ್ಪೀಕರ್ ಇಟ್ಟು ಹಿಂದಿನ ಬೆಂಚಿಗೆ ಮಾತು ಮುಟ್ಟಿಸುವುದು ಹಾಗಾಗಿ ಆಗದ ಕೆಲಸ, ಅದು ಎಷ್ಟೇ ವಾಟಿನದ್ದಾಗಿರಲಿ. ವಾಟ್ ದುಪ್ಪಟ್ಟಾದರೆ ಸಿಗುವುದು 3 ಡೆಸಿಬೆಲ್. ಕಿವಿಗೆ 'ಎರಡು ಪಟ್ಟು ಜೋರು' ಅನಿಸಬೇಕಾದರೆ ವಾಟ್ ಹತ್ತು ಪಟ್ಟಾಗಬೇಕು.

ಮೈಕು ಕೂಗಿದ್ದಕ್ಕೆ ಇನ್ನೊಂದು ಕಾರಣವೂ ಇದ್ದೀತು. ನಾಟಕಕ್ಕೆ ಎಷ್ಟು ಮೈಕು ಒಟ್ಟಿಗೆ ತೆರೆದಿಟ್ಟಿದ್ದರು ಎಂದು ವಿಚಾರಿಸಿ. ತೆರೆದ ಮೈಕುಗಳ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ, ಕೂಗುವ ಮೊದಲು ಏರಿಸಬಹುದಾದ ಮಟ್ಟ 3 ಡೆಸಿಬೆಲ್ ಕುಸಿಯುತ್ತದೆ. ಒಂದರ ಬದಲು ಎಂಟು ತೆರೆದಿದ್ದರೆ 9 ಡೆಸಿಬೆಲ್ ಕೈತಪ್ಪಿತು. ಮಾತಾಡದವರ ಮೈಕನ್ನು ಮಿಕ್ಸರಿನಲ್ಲಿ ಮುಚ್ಚುತ್ತಾ ಹೋಗುವ ಒಬ್ಬ ಚುರುಕು ಹುಡುಗ, ಕೈಯಲ್ಲಿ ನಾಟಕದ ಸ್ಕ್ರಿಪ್ಟು: ಹೊಸ ಆಂಪ್ಲಿಫೈಯರ್ ಕೊಡದ ಲಾಭವನ್ನು ಇದು ಕೊಡುತ್ತದೆ.

ಮೊಟ್ಟೆ ಟ್ರೇ, ಪಿಒಪಿ, ಕಾರ್ಪೆಟ್

ಮೊಟ್ಟೆ ಟ್ರೇ ಬೇಡವೇ ಬೇಡ. ತೆಳುವಾದ ಕಾಗದದ ತಿರುಳು ಎತ್ತರದ ಸ್ವರಗಳ ಒಂದು ಚಿಕ್ಕ ಪಟ್ಟಿಯನ್ನು ಮಾತ್ರ ಒಂದಿಷ್ಟು ಹೀರುತ್ತದೆ. ನಿಮಗೆ ಕಾಟ ಕೊಡುವ ಕೆಳಗಿನ ಮತ್ತು ನಡುವಿನ ಸ್ವರಗಳಿಗೆ ಅದು ಲೆಕ್ಕಕ್ಕಿಲ್ಲ. ಮೇಲಾಗಿ ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಮೇಣದ ಬತ್ತಿ ಉರಿಯುವ ಕಟ್ಟಡದಲ್ಲಿ ಅದನ್ನು ಗೋಡೆ ತುಂಬ ಅಂಟಿಸುವುದು ಅಪಾಯವನ್ನು ಕರೆದು ಕೂರಿಸಿದಂತೆ.

ಪಿಒಪಿ ಅಥವಾ ಜಿಪ್ಸಮ್ ಸೀಲಿಂಗ್ ಬಗ್ಗೆ ಇನ್ನೂ ಖಡಾಖಂಡಿತವಾಗಿ ಹೇಳುತ್ತೇನೆ. ಅದರ ನುಣುಪು ಮೈ ಮಾತಿನ ಸದ್ದನ್ನು ನಿಮ್ಮ ಮರದ ಮುಚ್ಚಿಗೆಗಿಂತಲೂ ಹೆಚ್ಚು ಹಿಂದಕ್ಕೆಸೆಯುತ್ತದೆ. ಎತ್ತರ ತಗ್ಗಿದ್ದರಿಂದ ಗುಂಗು ಸ್ವಲ್ಪ ಇಳಿದರೂ ಹಾಡಿನ ತುಂಬುದನಿ ಹೋಗುತ್ತದೆ, ಮಾತು ಸ್ಪಷ್ಟವಾಗುವ ಮಟ್ಟಕ್ಕೆ ಬರುವುದೂ ಇಲ್ಲ. ಕರಾವಳಿಯ ಮಳೆಗೆ ಹಂಚು ಸರಿದು ನೀರಿಳಿದರೆ, ಗೆದ್ದಲು ಹತ್ತಿದರೆ, ಅದು ಸೀಲಿಂಗಿನ ಮರೆಯಲ್ಲಿ ವರ್ಷಗಟ್ಟಲೆ ಕಾಣುವುದೇ ಇಲ್ಲ. ಹಳೆಯ ಮುಚ್ಚಿಗೆ ನಿಮ್ಮ ಚರ್ಚಿನ ಆಸ್ತಿ. ಒಂದು ಸಂಜೆಯ ಕಾರ್ಯಕ್ರಮಕ್ಕೆ ಅದನ್ನು ಮುಟ್ಟಬೇಡಿ.

ಮಧ್ಯದ ದಾರಿಗೆ ಹಾಸುವ ಕಾರ್ಪೆಟ್ ಚಪ್ಪಲಿ ಸದ್ದನ್ನು ತಗ್ಗಿಸುತ್ತದೆ, ಅಷ್ಟೇ. ಕೆಲಸ ಮಾಡುವುದು ದಪ್ಪ ಪರದೆ. ನೆರಿಗೆ ಬಿಟ್ಟು, ಅಂದರೆ 2 ಮೀಟರ್ ಬಟ್ಟೆಯನ್ನು 1 ಮೀಟರ್ ಅಗಲಕ್ಕೆ ಇಳಿಬಿಟ್ಟು, ಗೋಡೆಯಿಂದ 10-15 ಸೆಂಟಿಮೀಟರ್ ಮುಂದಕ್ಕೆ ಕಟ್ಟಬೇಕು. ಹಿಂದಿನ ಗೋಡೆಗೆ ಇಂಥದ್ದು 40 ಚದರ ಮೀಟರ್ ಕಟ್ಟಿದರೆ ಸುಮಾರು 45 ಜನ ಹೆಚ್ಚು ಬಂದು ಕೂತಷ್ಟು ಫಲ. ಶಾಮಿಯಾನದವರ ನೈಲಾನ್ ಪರದೆಯಿಂದ ಇದು ಆಗದು, ನಾಟಕದವರ ದಪ್ಪ ವೆಲ್ವೆಟ್ ಪರದೆಯನ್ನೇ ಬಾಡಿಗೆಗೆ ತನ್ನಿ. ಕಿಟಕಿ ತೆರೆಯುವುದೂ ಒಂದು ದಾರಿ: ತಲಾ 2 ಚದರ ಮೀಟರಿನ ಹತ್ತು ಕಿಟಕಿ ತೆರೆದರೆ, ಆ 60 ಜನ ಇದ್ದಾಗಲೂ 2.9 ಸೆಕೆಂಡ್ 2.3ಕ್ಕೆ ಇಳಿಯುತ್ತದೆ. ಆದರೆ ಹೊರಗೆ ಹೋದ ಸದ್ದು ನರ್ಸಿಂಗ್ ಹೋಮಿಗೆ ಮುಟ್ಟುತ್ತದೆ, ರಸ್ತೆಯ ಬಸ್ಸಿನ ಹಾರ್ನ್ ಒಳಕ್ಕೆ ಬರುತ್ತದೆ. ಮೈಕಿಲ್ಲದ ಹಾಡಿಗೆ ಕಿಟಕಿ ತೆರೆದಿಡಿ, ನರ್ಸಿಂಗ್ ಹೋಮಿನ ಕಡೆಯ ಸಾಲನ್ನು ಮಾತ್ರ ಮುಚ್ಚಿ.

ಈ ಲೆಕ್ಕದಿಂದ ತಿಳಿಯುವ ಇನ್ನೊಂದು ವಿಷಯ: ನಿಮ್ಮ ಚರ್ಚಿಗೆ ಸಿಗುವ ಅತ್ಯುತ್ತಮ ಧ್ವನಿ ಸಾಧನ ಜನ. ಸೌಂಡ್ ಸಿಸ್ಟಂ ಮೇಲೆ ಹಾಕುವ ದುಡ್ಡಿನ ಒಂದು ಪಾಲನ್ನು ಊರ ಮನೆಮನೆಗೆ ಹೋಗಿ ಕರೆಯುವುದಕ್ಕೆ ಹಾಕಿ. ಬಂದವರು 80 ಮಂದಿಯೇ ಆದರೆ ಚದುರಿ ಕೂರಲು ಬಿಡಬೇಡಿ. ಹಿಂದಿನ ಬೆಂಚುಗಳಿಗೆ ಹಗ್ಗ ಕಟ್ಟಿ, ಮುಂದಿನ ಎಂಟು ಸಾಲಿನಲ್ಲಿ ಒತ್ತಾಗಿ ಕೂರಿಸಿ.

ಒಳಗೆ ಏನಿರಲಿ

ಗಾಯನ ಮಂಡಳಿ ಮತ್ತು ಕೊಳಲು ಒಳಗಿರಲಿ. ನಾಟಕ, ಯಕ್ಷಗಾನ ಎರಡೂ ಅಂಗಳಕ್ಕೆ ಹೋಗಲಿ. ಧ್ವನಿಯ ಕಾರಣಕ್ಕೆ ಹೇಳುವ ಈ ಮಾತಿಗೆ ಚರ್ಚಿನ ನಿಯಮವೂ ಹೊಂದುತ್ತದೆ. ಕ್ಯಾಥೊಲಿಕ್ ಸಭೆಯ ನಿಯಮಸಂಹಿತೆಯಾದ 1983ರ ಕ್ಯಾನನ್ ಕಾನೂನಿನ 1210ನೇ ವಿಧಿ ಪವಿತ್ರ ಸ್ಥಳದಲ್ಲಿ ಆರಾಧನೆ, ಭಕ್ತಿಗೆ ಪೂರಕವಾದದ್ದಕ್ಕೆ ಮಾತ್ರ ಅವಕಾಶ ಕೊಡುತ್ತದೆ. ಸ್ಥಳದ ಪಾವಿತ್ರ್ಯಕ್ಕೆ ಧಕ್ಕೆಯಾಗದ ಬೇರೆ ಬಳಕೆಗೆ ಧರ್ಮಾಧ್ಯಕ್ಷರು ಆಯಾ ಸಂದರ್ಭಕ್ಕೆ ಅನುಮತಿ ಕೊಡಬಹುದು. ಚರ್ಚುಗಳಲ್ಲಿ ನಡೆಯುವ ಸಂಗೀತ ಕಛೇರಿಗಳ ಬಗ್ಗೆ ವ್ಯಾಟಿಕನ್ 1987ರ ನವೆಂಬರಿನಲ್ಲಿ ಹೊರಡಿಸಿದ ನಿರ್ದೇಶನ ಇನ್ನೂ ಬಿಡಿಸಿ ಹೇಳುತ್ತದೆ: ದಿನಾಂಕ, ಸಮಯ, ಹಾಡುವ ಕೃತಿಗಳು, ಅವುಗಳ ರಚನಕಾರರ ಹೆಸರು ಸಮೇತ ಮುಂಚಿತವಾಗಿ ಲಿಖಿತ ಅರ್ಜಿ ಕೊಡಬೇಕು. ಪ್ರವೇಶ ಉಚಿತವಾಗಿದ್ದು ಎಲ್ಲರಿಗೂ ತೆರೆದಿರಬೇಕು. ಕಲಾವಿದರು ಬಲಿಪೀಠದ ಆವರಣದಲ್ಲಿ ನಿಲ್ಲಬಾರದು. ಪರಮ ಪ್ರಸಾದವನ್ನು ಸಾಧ್ಯವಾದಷ್ಟೂ ಬೇರೆ ಸುರಕ್ಷಿತ ಜಾಗಕ್ಕೆ ಸಾಗಿಸಬೇಕು. ಧರ್ಮಗುರುಗಳ ಜೊತೆ ಕೂತು ಈ ಅರ್ಜಿಯನ್ನು ಅಕ್ಟೋಬರಿನಲ್ಲೇ ಧರ್ಮಪ್ರಾಂತ್ಯದ ಕಚೇರಿಗೆ ಕಳಿಸಿ. ಟಿಕೆಟ್, ಕೂಪನ್ ಇಡುವುದಿದ್ದರೆ ಹೊರಗಿನ ತಿಂಡಿ ಮಳಿಗೆಗೆ ಇಡಿ, ಚರ್ಚಿನ ಬಾಗಿಲಲ್ಲಿ ಬೇಡ. (ಸಿಎಸ್‌ಐ ಎಂಬ ಪ್ರೊಟೆಸ್ಟಂಟ್ ಸಭೆ ಅಥವಾ ಬೇರೆ ಸಭೆಯವರು ಓದುತ್ತಿದ್ದರೆ, ಅವರಿಗೆ ಈ ನಿಯಮಗಳಿಲ್ಲ. ಅವರ ಸಭಾಪಾಲಕರು ಮತ್ತು ಸಮಿತಿಯ ನಿರ್ಧಾರವೇ ಅಂತಿಮ.)

ಗಾಯಕರನ್ನು ಬಲಿಪೀಠದ ಆವರಣದ ಮೆಟ್ಟಿಲ ಕೆಳಗೆ, ಮೂರು ಸಾಲಾಗಿ ನಿಲ್ಲಿಸಿ. ಎರಡನೇ ಸಾಲಿಗೆ 20, ಮೂರನೆಯದಕ್ಕೆ 40 ಸೆಂಟಿಮೀಟರ್ ಎತ್ತರದ ಗಟ್ಟಿ ಹಲಗೆ ಇರಲಿ. ಬಾಯಿಗೆ ಅಡ್ಡ ಮುಂದಿನವರ ತಲೆ ಬಂದರೆ ವ್ಯಂಜನಗಳು ಅಲ್ಲೇ ಉಳಿಯುತ್ತವೆ. 25-30 ಜನರ ಮಂಡಳಿಗೆ ನಿಮ್ಮ ಅಳತೆಯ ಚರ್ಚಿನಲ್ಲಿ ಮೈಕೇ ಬೇಡ. ಧ್ವನಿಮುದ್ರಣಕ್ಕೆ ಬೇಕಾದರೆ ಎರಡು ಕಂಡೆನ್ಸರ್ ಮೈಕುಗಳನ್ನು ಮೊದಲ ಸಾಲಿನಿಂದ 1 ಮೀಟರ್ ಮುಂದೆ, ತಲೆಗಿಂತ ಸುಮಾರು ಮುಕ್ಕಾಲು ಮೀಟರ್ ಮೇಲೆ ಕಟ್ಟಿ. ಎರಡರ ನಡುವಿನ ಅಂತರ, ಮೈಕಿನಿಂದ ಗಾಯಕರಿಗಿರುವ ದೂರದ ಮೂರು ಪಟ್ಟು ಇರಲಿ. ಇಲ್ಲದಿದ್ದರೆ ಒಂದೇ ದನಿ ಎರಡರಲ್ಲೂ ಹಿಂದುಮುಂದಾಗಿ ಹೊಕ್ಕು ಪೊಳ್ಳಾಗಿ ಕೇಳುತ್ತದೆ.

ಹಾಡು ಆರಿಸುವಾಗ ಗುಂಗನ್ನು ಲೆಕ್ಕಕ್ಕೆ ಹಿಡಿಯಿರಿ. ಮಂದಗತಿಯ, ನಾಲ್ಕು ಧ್ವನಿಯ ಗೀತೆಗಳು ಇಲ್ಲಿ ಬೆಳಗುತ್ತವೆ. ಕೀಬೋರ್ಡಿನ ರೆಡಿಮೇಡ್ ತಾಳ, ಡ್ರಮ್ ಸೆಟ್ ಹಾಕಿದ ವೇಗದ ಹಾಡು ಕಲಸಿಹೋಗುತ್ತದೆ. ಖಾಲಿ ಚರ್ಚಿನ ಅಭ್ಯಾಸದಲ್ಲಿ ಕೇಳಿದ್ದನ್ನು ನಂಬಬೇಡಿ. ಅಲ್ಲಿ 4 ಸೆಕೆಂಡಿನ ಗುಂಗು ಕೇಳಿ ಮೇಷ್ಟ್ರು ಲಯ ನಿಧಾನಿಸುತ್ತಾರೆ, ಜನ ತುಂಬಿದ ಸಂಜೆ ಅದೇ ಲಯ ಎಳೆದಂತೆ ಕಾಣುತ್ತದೆ. ಭಾನುವಾರ ಪೂಜೆ ಮುಗಿದ ಕೂಡಲೇ, ಜನ ಬೆಂಚಿನಲ್ಲಿರುವಾಗಲೇ ಎರಡು ಹಾಡು ಹಾಡಿಸಿ ಲಯ ಗೊತ್ತುಮಾಡಿಕೊಳ್ಳಿ.

ನಿರೂಪಣೆಗೆ ಮಾತು ಬೇಕೇ ಬೇಕಲ್ಲ. ಅದಕ್ಕೆ ದೊಡ್ಡ ಸ್ಪೀಕರ್ ಬೇಡ, ನಾಲ್ಕು ಸಣ್ಣ ಕಾಲಂ ಸ್ಪೀಕರ್ ಸಾಕು. ಎರಡು ಮುಂದೆ, ಎರಡು ಅವುಗಳಿಂದ 10 ಮೀಟರ್ ಹಿಂದೆ, ಪಕ್ಕದ ಗೋಡೆಗಳಿಗೆ ತಾಗಿ, ಕೂತವರ ತಲೆಗಿಂತ ಸ್ವಲ್ಪ ಮೇಲೆ, ಜನರ ಕಡೆ ಬಾಗಿಸಿ. ಮುಚ್ಚಿಗೆಯತ್ತ ಮುಖ ಮಾಡಿದ ಸ್ಪೀಕರ್ ಗುಂಗನ್ನೇ ಹುಟ್ಟಿಸುತ್ತದೆ. ಹಿಂದಿನ ಜೋಡಿಗೆ ಮಿಕ್ಸರಿನಲ್ಲಿ ವಿಳಂಬ ಕೊಡಿಸಿ: ಸದ್ದು ಒಂದು ಮೀಟರ್ ಹೋಗಲು ಹತ್ತಿರ ಹತ್ತಿರ 2.9 ಮಿಲಿಸೆಕೆಂಡ್ ಬೇಕು, 10 ಮೀಟರಿಗೆ 29. ಇನ್ನೊಂದು 10 ಸೇರಿಸಿ 39ಕ್ಕೆ ಇಟ್ಟರೆ ದನಿ ವೇದಿಕೆಯಿಂದಲೇ ಬಂದಂತಿರುತ್ತದೆ. 120 ಹರ್ಟ್ಸಿಗಿಂತ ಕೆಳಗಿನದ್ದನ್ನು ಕಡಿತ ಮಾಡಿಸಿ. ಮಾತಿಗೆ ಅದು ಬೇಡ, ಗುಂಗು ಬೆಳೆಯುವುದೇ ಅಲ್ಲಿ. ಇಷ್ಟನ್ನು ಬಾಡಿಗೆಗೆ ತಂದರಾಯಿತು, ಖರೀದಿ ಬೇಡ.

ಅಂಗಳದ ರಂಗಸ್ಥಳ

ಚೆಂಡೆ ಬಯಲಿನ ವಾದ್ಯ. ಬಯಲಿನಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತಾ ಕಿವಿಗೆ ಹದವಾಗುತ್ತದೆ. ಗಾರೆ ಗೋಡೆಗಳ ನಡುವೆ ಅದು ಇಳಿಯುವುದೇ ಇಲ್ಲ. ನಿಮ್ಮ ಜನ ಎದ್ದು ಹೋದದ್ದು ಕಲೆಯ ಮೇಲಿನ ಅಸಡ್ಡೆಯಿಂದಲ್ಲ, ಕಿವಿ ತಡೆಯಲಾಗದೆ.

ಚರ್ಚ್ ವಠಾರದಲ್ಲಿ ಯಕ್ಷಗಾನ ಬೇಕೇ ಎಂಬುದನ್ನು ತೀರ್ಮಾನಿಸಬೇಕಾದವರು ಧರ್ಮಗುರುಗಳು ಮತ್ತು ನಿಮ್ಮ ಪಾಲನಾ ಮಂಡಳಿ. ಬಾಸೆಲ್ ಮಿಶನ್ನಿನ ಫರ್ಡಿನಂಡ್ ಕಿಟೆಲ್ ಯೇಸುವಿನ ಬದುಕನ್ನು ಈ ನೆಲದ ಛಂದಸ್ಸಿನಲ್ಲಿ ಹೇಳಲು 'ಕಥಾಮಾಲೆ' ಬರೆದದ್ದು 1862ರಲ್ಲಿ ಎಂಬುದು ಅವರ ನೆನಪಿನಲ್ಲಿರಲಿ. ನನ್ನ ಸಲಹೆ ಬೇರೆ ಒಂದು ವಿಷಯಕ್ಕೆ: ಮೇಳದವರು ಬಣ್ಣ ಹಚ್ಚುವ ಚೌಕಿಯಲ್ಲಿ ಆಟಕ್ಕೆ ಮುಂಚೆ ಗಣಪತಿ ಪೂಜೆ ಮಾಡುವುದು ರೂಢಿ. ಅದು ಎಲ್ಲಿ, ಹೇಗೆ ಎಂಬುದನ್ನು ಧರ್ಮಗುರುಗಳು ಮತ್ತು ತಂಡದ ಮುಖ್ಯಸ್ಥರು ವಾರಗಳ ಮುಂಚೆಯೇ ಎದುರಾಬದುರು ಕೂತು ಮಾತಾಡಲಿ. ಪಕ್ಕದ ಒಂದು ಮನೆಯ ಜಗಲಿ ಚೌಕಿಯಾದರೆ ಇಬ್ಬರಿಗೂ ಮುಜುಗರವಿಲ್ಲ. ಆ ಸಂಜೆ ವೇಷ ಕಟ್ಟುತ್ತಿರುವಾಗ ಈ ಮಾತು ಎದ್ದರೆ ಮನಸ್ಸು ಕೆಡುತ್ತದೆ, ಸೌಹಾರ್ದಕ್ಕೆಂದು ಮಾಡಿದ ಕೂಟದ ಉದ್ದೇಶವೇ ಹೋಗುತ್ತದೆ.

ರಂಗಸ್ಥಳದ ಬೆನ್ನು ನರ್ಸಿಂಗ್ ಹೋಮಿನ ಕಡೆ, ಮುಖ ಗದ್ದೆ ಅಥವಾ ರಸ್ತೆಯ ಕಡೆ ಇರಲಿ. ಚರ್ಚ್ ಕಟ್ಟಡವೇ ನಡುವೆ ಅಡ್ಡ ಬರುವಂತಾದರೆ ಇನ್ನೂ ಒಳ್ಳೆಯದು. ಸಬ್‌ವೂಫರ್ ಬೇಡ. ಅದರ ಸದ್ದಿಗೆ ದಿಕ್ಕಿಲ್ಲ, ಗೋಡೆ ಹಂಚುಗಳನ್ನು ದಾಟಿ ರೋಗಿಗಳ ಹಾಸಿಗೆಗೆ ಮುಟ್ಟುವುದು ಅದೇ. ಭಾಗವತರಿಗೆ ಒಂದು ಮೈಕು, ರಂಗಸ್ಥಳದ ಮೇಲೆ ಮುಂದಕ್ಕೆ ಎರಡು ತೂಗು ಮೈಕು, ಮದ್ದಲೆಗೆ ಬೇಕಾದರೆ ಒಂದು. ಚೆಂಡೆಗೆ ಮೈಕು ಕೊಡಬೇಡಿ. 200 ಜನರ ಬಯಲಿಗೆ ಅದರ ಸ್ವಂತ ಸದ್ದೇ ಧಾರಾಳ, ಭಾಗವತರ ಮೈಕಿಗೂ ಅದು ಸಾಕಷ್ಟು ನುಗ್ಗಿರುತ್ತದೆ. ಮಕ್ಕಳ ನಾಟಕವನ್ನು ಇದೇ ರಂಗದಲ್ಲಿ ಮೊದಲ ಕಾರ್ಯಕ್ರಮವಾಗಿ ಇಡಿ.

ಒಂದೇ ಕಡೆ ದೊಡ್ಡ ಸ್ಪೀಕರ್ ರಾಶಿ ಹಾಕುವುದಕ್ಕಿಂತ, ಮುಂದೆ ಎರಡು, 15 ಮೀಟರ್ ಹಿಂದೆ ಇನ್ನೆರಡು ಇಟ್ಟು ಎಲ್ಲವನ್ನೂ ತಗ್ಗಿಸಿ ನಡೆಸಿ. ಸ್ಪೀಕರಿನಿಂದ 4 ಮೀಟರಿನಲ್ಲಿ 90 ಡೆಸಿಬೆಲ್ ಇದ್ದರೆ 32 ಮೀಟರಿನಲ್ಲಿ 72, 64 ಮೀಟರಿನಲ್ಲಿ 66. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದ್ದು 45. ಇಲ್ಲಿ ಹಗಲೆಂದರೆ ಬೆಳಗ್ಗೆ 6ರಿಂದ ರಾತ್ರಿ 10. ಧ್ವನಿವರ್ಧಕ ಬಳಸುವ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಈ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75, ಇವೆರಡರಲ್ಲಿ ಕಡಿಮೆಯದ್ದನ್ನು ಮೀರುವಂತಿಲ್ಲ. ಅಂದರೆ ನಿಮಗೆ 65. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಕಡ್ಡಾಯ, ಅರ್ಜಿಯನ್ನು ಪೊಲೀಸ್ ಠಾಣೆಗೆ ಬೇಗ ಕೊಡಿ. ಮುಖ್ಯವಾಗಿ ಒಂದು ವಿಷಯ ಅಲ್ಲೇ ವಿಚಾರಿಸಿ: ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರನ್ನು ಮೌನ ವಲಯವೆಂದು ಘೋಷಿಸಲು ನಿಯಮದಲ್ಲಿ ಅವಕಾಶವಿದೆ. ನಿಮ್ಮ ವಠಾರ ಅಂಥ ವಲಯದೊಳಗೆ ಬಂದರೆ ಅಲ್ಲಿ ಧ್ವನಿವರ್ಧಕ ಹಾಕುವುದೇ ಅಪರಾಧ. ಆಗ ಯಕ್ಷಗಾನವನ್ನು ಬೇರೆ ಮೈದಾನಕ್ಕೆ ಒಯ್ಯದೆ ವಿಧಿಯಿಲ್ಲ.

ಸಮಯಕ್ಕೆ ಬರೋಣ. ಮಕ್ಕಳು ಬಿಡಿಸಿದ ಚಿತ್ರಗಳ ಪ್ರದರ್ಶನವನ್ನೂ ಇಡುವುದಾದರೆ ಅದು ನಾಲ್ಕೂವರೆಗೆ, ಚರ್ಚಿನೊಳಗೆ ಹಾಡು ಐದೂಕಾಲಿಗೆ, ಕೊಳಲು ಐದೂ ಮುಕ್ಕಾಲಿಗೆ. ಆರೂಕಾಲಿಗೆ ಚಾ ತಿಂಡಿ, ಆ ನೆಪದಲ್ಲಿ ಜನ ಅಂಗಳಕ್ಕೆ ಬರುತ್ತಾರೆ. ಆರೂ ಮುಕ್ಕಾಲಿಗೆ ನಾಟಕ, ಏಳೂಕಾಲಿಗೆ ಕಾಲಮಿತಿ ಯಕ್ಷಗಾನ, ಒಂಬತ್ತೂಕಾಲಿಗೆ ಮಂಗಳ. ಹತ್ತರವರೆಗೆ ಅವಕಾಶವಿದೆಯಲ್ಲ ಎಂದು ಹತ್ತಕ್ಕೆ ಮುಗಿಸುವ ಲೆಕ್ಕ ಹಾಕಬೇಡಿ. ಸ್ಮರಣಿಕೆ, ಧನ್ಯವಾದ ಸೇರಿದರೆ ಅರ್ಧ ಗಂಟೆ ಜಾರುವುದು ಖಚಿತ. ಸಭಾ ಕಾರ್ಯಕ್ರಮವನ್ನು ನಾಟಕಕ್ಕೆ ಮೊದಲೇ ಹತ್ತು ನಿಮಿಷದಲ್ಲಿ ಮುಗಿಸಿ. ನರ್ಸಿಂಗ್ ಹೋಮಿಗೆ ಮುಂಚಿತವಾಗಿ ಹೋಗಿ ವೇಳಾಪಟ್ಟಿ ಮತ್ತು ಆ ಸಂಜೆ ಫೋನ್ ಎತ್ತುವ ಒಬ್ಬರ ನಂಬರ್ ಕೊಟ್ಟುಬನ್ನಿ.

ರಾಯಲ್ಟಿ ವಿಚಾರ

ಇಬ್ಬರ ಮಾತೂ ಅರ್ಧ ಸರಿ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ನಿಜವಾದ ಧಾರ್ಮಿಕ ವಿಧಿಯಲ್ಲಿ ಹಾಡುವುದಕ್ಕೆ ವಿನಾಯಿತಿ ಕೊಡುತ್ತದೆ. ಬಲಿಪೂಜೆಯ ಹಾಡುಗಳಿಗೆ ಅದು ಅನ್ವಯಿಸುತ್ತದೆ, ಸಂಜೆಯ ಕಾರ್ಯಕ್ರಮಕ್ಕೆ ಅಲ್ಲ. ಸಂಜೆಗೆ ಬೇರೊಂದು ವಿನಾಯಿತಿ ಇದೆ: ಹವ್ಯಾಸಿ ಸಂಘ ಹಣ ಕೊಡದ ಪ್ರೇಕ್ಷಕರ ಮುಂದೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ನಡೆಸುವ ಪ್ರದರ್ಶನ. ನಿಮ್ಮ ಗಾಯನ ಮಂಡಳಿ, ಹವ್ಯಾಸಿ ಯಕ್ಷಗಾನ ತಂಡ ಇದರೊಳಗೆ ಬರುತ್ತವೆ. ಸಂಭಾವನೆ ಕೊಟ್ಟು ಕರೆಸಿದ ಆರ್ಕೆಸ್ಟ್ರಾ ಬಂದರೆ ಈ ರಕ್ಷಣೆ ನಿಲ್ಲದು. ಆಗ ಐಪಿಆರ್‌ಎಸ್‌ನಂಥ ರಾಯಲ್ಟಿ ಸಂಗ್ರಹಿಸುವ ಸಂಸ್ಥೆಯ ಪರವಾನಗಿ ಕೇಳಬೇಕಾಗುತ್ತದೆ. ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುವುದು ಪೂರ್ತಿ ಬೇರೆ ಬಳಕೆ. ಹೆಚ್ಚಿನವರು ಎಡವುವುದು ಇಲ್ಲೇ. ರಚನಕಾರರು ತೀರಿಕೊಂಡು 60 ವರ್ಷ ದಾಟಿದ ಗೀತೆಗಳು ಮುಕ್ತ, ಆದರೆ ಅದರ ಹೊಸ ಅನುವಾದಕ್ಕೆ, ಹೊಸ ಸ್ವರಸಂಯೋಜನೆಗೆ ಪ್ರತ್ಯೇಕ ಹಕ್ಕಿರುತ್ತದೆ. ಯಕ್ಷಗಾನ ಪ್ರಸಂಗದ ಕವಿ ಬದುಕಿದ್ದರೆ ಒಂದು ಫೋನ್ ಮಾಡಿ ಒಪ್ಪಿಗೆ ಕೇಳಿ, ವಾಟ್ಸಾಪಿನಲ್ಲಾದರೂ ಬರಹದಲ್ಲಿ ಇಟ್ಟುಕೊಳ್ಳಿ.

ಕರೆಂಟು, ಕೊನೆಗೆ ಚಿತ್ರಗಳು

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಲೈಟು, ಸೌಂಡು ಒಂದೇ ಕರೆಂಟು ಸಾಲಿಗೆ ಸಿಕ್ಕಿದಾಗ ಸ್ಪೀಕರಿನಲ್ಲಿ 'ಗುಂಯ್' ಎಂಬ ಸದ್ದು ಬರುತ್ತದೆ. ಅದನ್ನು ನಿಲ್ಲಿಸಲು ಕೆಲವರು ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಬಿಡುತ್ತಾರೆ. ಸದ್ದು ನಿಲ್ಲುತ್ತದೆ, ಜೊತೆಗೆ ರಕ್ಷಣೆಯೂ ಹೋಗುತ್ತದೆ. ಯಾವುದಾದರೂ ಉಪಕರಣದಲ್ಲಿ ಕರೆಂಟು ಸೋರಿದರೆ, ಗಿಟಾರಿನ ತಂತಿ ಹಿಡಿದ ಹುಡುಗನ ತುಟಿ ಮೈಕಿಗೆ ತಾಗಿದಾಗ ಅದು ಅವನ ಮೈಮೂಲಕ ಹರಿಯುತ್ತದೆ. ಡಿಸೆಂಬರಿನ ಇಬ್ಬನಿಯಲ್ಲಿ ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದರೆ ಜೀವವೇ ಹೋದೀತು. ಸರಿಯಾದ ಪರಿಹಾರ: ಸೌಂಡಿಗೂ ಲೈಟಿಗೂ ಬೇರೆ ಸಾಲು, ಎಲ್ಲಕ್ಕೂ ಒಂದೇ ಅರ್ಥ್, ಕೀಬೋರ್ಡ್ ಗಿಟಾರಿಗೆ ಡಿಐ ಬಾಕ್ಸ್ (ವಾದ್ಯಕ್ಕೂ ಮಿಕ್ಸರಿಗೂ ನಡುವೆ ಹಾಕುವ, ಈ ಸದ್ದನ್ನು ತಡೆಯುವ ಪುಟ್ಟ ಪೆಟ್ಟಿಗೆ). ಹೊರಗಿನ ಪ್ರತಿ ಸಾಲಿಗೂ, ಕರೆಂಟು ಸೋರಿದ ಕೂಡಲೇ ಸಾಲನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಬಟನ್ ಒತ್ತಿ ಬೀಳುತ್ತದೆಯೇ ಎಂದು ನೀವೇ ನೋಡಿ. ಎಕ್ಸ್‌ಟೆನ್ಷನ್ ವಯರು 2.5 ಚದರ ಮಿಲಿಮೀಟರಿನ ತಾಮ್ರದ್ದಿರಲಿ, ಸುರುಳಿಯಲ್ಲಿ ಸುತ್ತಿಟ್ಟೇ ಬಳಸಬೇಡಿ, ಬಿಸಿಯಾಗಿ ಕರಗುತ್ತದೆ. ಹಳೆಯ ಚರ್ಚಿನ ವಯರಿಂಗಿಗೆ ಹೊರಗಿನ ಹೊರೆ ಹೇರದೆ ವಿದ್ಯುತ್ ಕಂಪನಿಯಾದ ಮೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಿರಿ, ಅಥವಾ ಜನರೇಟರ್ ತರಿಸಿ.

ಮಕ್ಕಳ ಚಿತ್ರಗಳನ್ನು ಸಭಾಭವನದೊಳಗೆ ಹಾಕಿ. ಗಾರೆ ಗೋಡೆಗೆ ಮೊಳೆ, ಡಬಲ್ ಟೇಪ್ ಎರಡೂ ಬೇಡ: ಟೇಪ್ ಕಿತ್ತಾಗ ಸುಣ್ಣದ ಪದರವೇ ಜೊತೆಗೆ ಬರುತ್ತದೆ. ಬಿದಿರಿನ ಚೌಕಟ್ಟು ಕಟ್ಟಿ, ಗೋಡೆಯಿಂದ ಗೇಣು ಮುಂದೆ ನಿಲ್ಲಿಸಿ, ಎರಡು ಸಾಲು ಹಗ್ಗ ಎಳೆದು ಮರದ ಕ್ಲಿಪ್ ಹಾಕಿ. ಚಿತ್ರದ ನಡುಭಾಗ ಮೇಲಿನ ಸಾಲಿನಲ್ಲಿ ನೆಲದಿಂದ 145 ಸೆಂಟಿಮೀಟರ್, ಕೆಳಗಿನದ್ದರಲ್ಲಿ 100ರ ಹತ್ತಿರ ಬಂದರೆ ದೊಡ್ಡವರಿಗೂ ಮಕ್ಕಳಿಗೂ ಕಣ್ಣಿನ ಮಟ್ಟವಾಗುತ್ತದೆ. ಕಿಟಕಿ ಪಕ್ಕದ ಚಿತ್ರಗಳನ್ನು ಎಂಟು ಗಂಟೆಯೊಳಗೆ ತೆಗೆದಿಡಿ. ಆಮೇಲೆ ಇಬ್ಬನಿಗೆ ಕಾಗದ ಮೆತ್ತಗಾಗಿ ಜಲವರ್ಣ ಹರಡುತ್ತದೆ.